ಗಂಧಕ ಹಚ್ಚಿದರೂ ತುರಿಕೆ ನಿಲ್ಲುವುದಿಲ್ಲ, ಯಾಕೆ?

ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯಿಂದ ಮಳೆಗಾಲದಲ್ಲಿ ತಪ್ಪದೆ ಬರುವ ಪ್ರಶ್ನೆ: "ಕಜ್ಜಿಗೆ ಗಂಧಕದ ಮುಲಾಮು ಹಚ್ಚಲು ಶುರುಮಾಡಿ ಹದಿನೈದು ದಿನವಾಯಿತು. ತುರಿಕೆ ಹೋಗಲಿಲ್ಲ, ಮೈಯೆಲ್ಲ ಬೂದಿ ಬಳಿದ ಹಾಗಾಗಿದೆ. ಮದ್ದು ಸರಿ ಇಲ್ಲವಾ?"

ಮದ್ದು ಸರಿಯೇ ಇದೆ. ಹಚ್ಚಿದ ದಿನಗಳು ಜಾಸ್ತಿಯಾದವು.

ಚರ್ಮಕ್ಕೆ ತಾಗಿದ ಗಂಧಕದಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಕಜ್ಜಿಯ ಹುಳಕ್ಕೆ ಅದು ವಿಷ. ಆದರೆ ಗಂಧಕಕ್ಕೆ ಮೇಲ್ಪದರದ ಸತ್ತ ಕೋಶಗಳ ಬಿಗಿ ಸಡಿಲಿಸುವ ಗುಣವೂ ಇದೆ. ಪದರ ಸುಲಿದರೆ ಒಳಗಿನ ನೀರು ಆರುತ್ತದೆ, ಒಣಗಿದ ಚರ್ಮ ಹುಳವಿಲ್ಲದಿದ್ದರೂ ತುರಿಸುತ್ತದೆ. ಹುಳ ಸತ್ತ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಉಳಿಯುವುದು ಸಹಜ. ಅದನ್ನು ಕಂಡು ಮತ್ತೆ ಗಂಧಕ ಹಚ್ಚುತ್ತಾರೆ, ಚರ್ಮ ಇನ್ನಷ್ಟು ಒಣಗುತ್ತದೆ.

ಸರಿಯಾದ ಕ್ರಮ ಇದು: 90 ಗ್ರಾಂ ವ್ಯಾಸಲೀನಿಗೆ ಔಷಧಿ ದರ್ಜೆಯ ನುಣ್ಣನೆ ಗಂಧಕ 10 ಗ್ರಾಂ. ಚಿಕ್ಕ ಮಕ್ಕಳ ಮುಲಾಮಿಗೆ ಗಂಧಕ ಇದರ ಅರ್ಧ ಸಾಕು. ಕುತ್ತಿಗೆಯಿಂದ ಪಾದದವರೆಗೆ, ಬೆರಳ ಸಂದು, ಹೊಕ್ಕುಳು, ಉಗುರಿನಡಿ ಬಿಡದೆ, ಮೂರು ರಾತ್ರಿ. ಮನೆಯವರೆಲ್ಲ ಒಟ್ಟಿಗೇ ಹಚ್ಚಬೇಕು, ಇಲ್ಲದಿದ್ದರೆ ಒಬ್ಬರಿಂದ ಇನ್ನೊಬ್ಬರಿಗೆ ಸುತ್ತುತ್ತಲೇ ಇರುತ್ತದೆ. ಬಟ್ಟೆ, ಹೊದಿಕೆ ಬಿಸಿನೀರಿನಲ್ಲಿ ಒಗೆಯಿರಿ. ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂರು ದಿನ ಇಡಿ, ಮೈ ಬಿಟ್ಟ ಹುಳ ಹೆಚ್ಚು ದಿನ ಬದುಕುವುದಿಲ್ಲ. ನಾಲ್ಕನೆಯ ದಿನದಿಂದ ಗಂಧಕ ಬಂದ್. ಉಗುರುಬೆಚ್ಚಗಿನ ನೀರಲ್ಲಿ ಮಿಂದು, ಮೈ ಅರೆ ಒದ್ದೆ ಇರುವಾಗಲೇ ತೆಂಗಿನೆಣ್ಣೆ ಸವರಿ. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಹಿಡಿದಿಡಲು ನೀರೇ ಉಳಿದಿರುವುದಿಲ್ಲ.

ರಬ್ಬರಿಗೆ ತೂರುವ ಗಂಧಕದ ಪುಡಿಯನ್ನೇ ಎಣ್ಣೆಯಲ್ಲಿ ಕಲಸಿ ಬಳಿಯುವವರಿದ್ದಾರೆ. ಬೇಡ. ಅದು ಎಲೆಗೆ ಮಾಡಿದ ಪುಡಿ. ಆಯುರ್ವೇದದ ಕ್ರಮದಂತೆ ಹಾಲು, ತುಪ್ಪದಲ್ಲಿ ಗಂಧಕ ಶೋಧನೆ (ಶುದ್ಧಿ) ಮಾಡುತ್ತೇವೆಂದು ಅಡುಗೆಮನೆಯಲ್ಲಿ ಕಾಯಿಸುವುದಂತೂ ಬೇಡವೇ ಬೇಡ. ಬೆಂಕಿ ಹಿಡಿದರೆ ಏಳುವ ಹೊಗೆ ಉಸಿರು ಕಟ್ಟಿಸುತ್ತದೆ.

ಚರ್ಮಕ್ಕೆ ಹಚ್ಚುವ ಉಳಿದ ಖನಿಜಗಳೂ ಹೆಚ್ಚುಕಡಿಮೆ ಒಣಗಿಸುವವೇ. ಕ್ಯಾಲಮೈನಿನ ಸತು ತೇವ ಹೀರುತ್ತದೆ, ಪಟಿಕ ಚರ್ಮವನ್ನು ಬಿಗಿಮಾಡುತ್ತದೆ. ಮಳೆಗಾಲದಲ್ಲಿ ನೀರು ಸೋರುವ ಗುಳ್ಳೆಗೆ ಕ್ಯಾಲಮೈನ್ ಹಿತ. ಧನುರ್ಮಾಸದ ಚಳಿಗೆ ಬಿರಿದ ಮೊಣಕಾಲಿಗೆ ಅದೇ ಉಪದ್ರವ. ತುತ್ಥ ಎಂದರೆ ಅಡಿಕೆ ತೋಟಕ್ಕೆ ಸುಣ್ಣದೊಂದಿಗೆ ಹೊಡೆಯುವ ಮೈಲುತುತ್ತೇ. ಆ ಬೋರ್ಡೋ ಮಿಶ್ರಣ ಕಲಸಿದ ಕೈ ಹೇಗೆ ಒಣಗುತ್ತದೆಂದು ತೋಟದವರಿಗೆ ಹೇಳಬೇಕಾಗಿಲ್ಲ.

ಗುರುತಿಸುವುದು ಹೀಗೆ: ರಾತ್ರಿ ಜೋರಾಗಿ, ಬೆರಳ ಸಂದಿಯಲ್ಲಿ, ಮನೆಯಲ್ಲಿ ಇಬ್ಬರು ಮೂವರಿಗೆ ತುರಿಸಿದರೆ ಹುಳ ಇರಬಹುದು. ಉಗುರಿನಿಂದ ಗೀರಿದಾಗ ಬಿಳಿ ಗೆರೆ ಮೂಡಿ, ಸೋಪು ಹಾಕಿ ಮಿಂದ ಮೇಲೆ ತುರಿಕೆ ಹೆಚ್ಚಿದರೆ ಒಣಚರ್ಮ. ಅದಕ್ಕೆ ಗಂಧಕವೂ ಬೇಡ, ಕ್ಯಾಲಮೈನೂ ಬೇಡ, ಎಣ್ಣೆ ಸಾಕು.

ಹೊಟ್ಟೆಗೆ ಕೊಡುವ ಹರತಾಳ, ಮನಃಶಿಲೆ ಎಂಬ ಖನಿಜಗಳಲ್ಲಿರುವುದು ಆರ್ಸೆನಿಕ್ ಎಂಬ ವಿಷ. ಹೆಸರು ಬರೆಯದ ಪೊಟ್ಟಣ ತಿಂಗಳುಗಟ್ಟಲೆ ತಿಂದ ಮೇಲೆ ಅಂಗೈಯಲ್ಲಿ ಜೋಳದ ಕಾಳಿನಂಥ ಗಡಸು ಗಂಟು, ಬೆನ್ನಲ್ಲಿ ಮಳೆಹನಿ ಬಿದ್ದಂಥ ಕಲೆ ಕಂಡರೆ ಪೊಟ್ಟಣ ಹಿಡಿದುಕೊಂಡೇ ಚರ್ಮದ ಡಾಕ್ಟರ ಬಳಿ ಹೋಗಿ.