ಹ್ಯಾವ್‌ಲಾಕ್ ನಾರ್ತ್ ನಂತರ: ನ್ಯೂಜಿಲೆಂಡಿನ ನಲ್ಲಿ ನೀರಿನ ಕಥೆ

ಊರಿಂದ ಯಾರೇ ನಮ್ಮ ಮನೆಗೆ ಬಂದರೂ ಅಡುಗೆಮನೆಯಲ್ಲಿ ಮೊದಲು ಹುಡುಕುವುದು ಫಿಲ್ಟರ್. ಅದು ನಮ್ಮ ಮನೆಯಲ್ಲಿ ಇಲ್ಲ. ನ್ಯೂಜಿಲೆಂಡಿನ ಹಾಕ್ಸ್ ಬೇ ಪ್ರದೇಶದ ಹೇಸ್ಟಿಂಗ್ಸ್ ಎಂಬ ಊರಲ್ಲಿ ನಾವಿದ್ದೇವೆ. ನಲ್ಲಿ ತಿರುಗಿಸಿ, ಲೋಟ ಹಿಡಿದು, ಹಾಗೇ ಕುಡಿಯುತ್ತೇವೆ. ನಮ್ಮ ಅತ್ತೆ ಬಂದಿದ್ದಾಗ ಮಾತ್ರ ನೀರು ಕಾಯಿಸಿ ಆರಿಸಿಯೇ ಕುಡಿದರು. "ಹೊರದೇಶ ಅಂದ ಮಾತ್ರಕ್ಕೆ ನೀರು ಚೆನ್ನಾಗಿರುತ್ತೆ ಅಂತ ಹೇಗೆ ನಂಬ್ತೀಯಮ್ಮಾ?" ಎಂದು ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ ಅದು. ಇಲ್ಲಿಯವರೂ ಒಮ್ಮೆ ಹಾಗೆ ಸುಮ್ನೆ ನಂಬಿ ಪೆಟ್ಟು ತಿಂದಿದ್ದಾರೆ.

ನಮ್ಮ ಊರಿಗೆ ಅಂಟಿಕೊಂಡಂತೆಯೇ ಹ್ಯಾವ್‌ಲಾಕ್ ನಾರ್ತ್ ಇದೆ. ದ್ರಾಕ್ಷಿ ತೋಟ, ಸೇಬಿನ ತೋಟಗಳ ಚೆಂದದ ಊರು. ಜನಸಂಖ್ಯೆ ಆಗ ಸುಮಾರು 14,000. 2016ರ ಆಗಸ್ಟ್ 5 ಮತ್ತು 6ರಂದು ಅಲ್ಲಿ ಜೋರು ಮಳೆ ಬಂತು. ಊರಿಗೆ ನೀರು ಕೊಡುತ್ತಿದ್ದ ಬ್ರೂಕ್‌ವೇಲ್ ರಸ್ತೆಯ ಬೋರ್‌ವೆಲ್‌ಗಳ ಹತ್ತಿರವೇ ಕುರಿ ಮೇಯುವ ಹೊಲಗಳಿದ್ದವು. ಮಳೆ ನೀರು ಕುರಿ ಹಿಕ್ಕೆಯನ್ನು ಕೊಚ್ಚಿಕೊಂಡು ಹೋಗಿ ಪಕ್ಕದ ಕೊಳಕ್ಕೆ ಸೇರಿಸಿತು. ಕೊಳದ ನೀರು ನೆಲದೊಳಗೆ ಇಳಿದು ಬೋರ್‌ವೆಲ್ ಸೇರಿತು. ಅಲ್ಲಿಂದ ನೇರ ಮನೆ ಮನೆಯ ನಲ್ಲಿಗೆ ಬಂತು. ಕ್ಯಾಂಪೈಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಊರೆಲ್ಲ ಹರಡಿತು. ನೀರು ಕುದಿಸಿ ಕುಡಿಯಿರಿ ಎಂದು ಆಗಸ್ಟ್ 12ರಂದು ಸೂಚನೆ ಬರುವಷ್ಟರಲ್ಲಿ ಜನ ಹಾಸಿಗೆ ಹಿಡಿದಾಗಿತ್ತು.

ಸುಮಾರು 5,500 ಮಂದಿಗೆ ಕಾಯಿಲೆ ಬಂತೆಂದು ಅಂದಾಜು. 45 ಮಂದಿ ಆಸ್ಪತ್ರೆ ಸೇರಿದರು. ಮೂರು ಸಾವುಗಳಿಗೆ ಇದು ಕಾರಣವಾಗಿರಬಹುದು ಎಂದು ವಿಚಾರಣಾ ವರದಿ ಹೇಳಿತು. ಕೆಲವರಿಗೆ ಭೇದಿ ನಿಂತ ಮೇಲೂ ತೊಂದರೆ ಬಿಡಲಿಲ್ಲ. ಕೀಲು ನೋವು ಉಳಿಯಿತು. ನರಗಳ ಬಲ ಕಳೆಯುವ ಗಿಯಾನ್ ಬಾರೆ ಕಾಯಿಲೆಯೂ ಕಾಣಿಸಿಕೊಂಡಿತು. ಇಲ್ಲಿನ ಹಿರಿಯರ ಜೊತೆ ಮಾತಿಗೆ ಕುಳಿತರೆ ಆ ವಾರದ ಸುದ್ದಿ ಈಗಲೂ ಬರುತ್ತದೆ. ಮನೆಮಂದಿಯೆಲ್ಲ ಒಟ್ಟಿಗೆ ಮಲಗಿದ್ದು, ಶಾಲೆ ಮುಚ್ಚಿದ್ದು, ಒಂಟಿಯಾಗಿದ್ದ ಅಜ್ಜಿಯಂದಿರನ್ನು ಯಾರು ನೋಡಿಕೊಂಡರು ಎನ್ನುವುದು.

ಇಂಥ ಶ್ರೀಮಂತ ದೇಶದಲ್ಲಿ ಇದು ಹೇಗಾಯಿತು? ಆ ನೀರಿಗೆ ಕ್ಲೋರಿನ್ ಹಾಕುತ್ತಲೇ ಇರಲಿಲ್ಲ. ಆಳದ ನೀರು, ಹೊರಗಿನ ಕೊಳೆ ಅದನ್ನು ಮುಟ್ಟುವುದಿಲ್ಲ ಎಂದು ಇಂಥ ಬೋರ್‌ವೆಲ್‌ಗಳಿಗೆ "ಸುರಕ್ಷಿತ" ಎಂಬ ಪಟ್ಟ ಕೊಡುವ ಪದ್ಧತಿ ಆಗ ನಿಯಮದಲ್ಲೇ ಇತ್ತು. ಶುದ್ಧ ನೀರಿಗೆ ಔಷಧಿ ಯಾಕೆ ಎಂಬ ಹೆಮ್ಮೆ ಜನರಿಗೂ ಇತ್ತು.

ನನ್ನನ್ನು ಜಾಸ್ತಿ ಕಾಡುವ ವಿಷಯ ಬೇರೆ. ಇದೇ ಹ್ಯಾವ್‌ಲಾಕ್ ನಾರ್ತ್‌ನಲ್ಲಿ 1998ರಲ್ಲೂ ಇದೇ ಬ್ಯಾಕ್ಟೀರಿಯಾದಿಂದ ಜನ ಕಾಯಿಲೆ ಬಿದ್ದಿದ್ದರು. ಆಗಲೂ ಬ್ರೂಕ್‌ವೇಲ್ ನೀರಿನ ಕಡೆಗೇ ಬೆರಳು ತೋರಿತ್ತು. ಆದರೂ 18 ವರ್ಷಗಳಲ್ಲಿ ಅಧಿಕಾರಿಗಳು ಬದಲಾದರು, ಕಡತಗಳು ಕಪಾಟು ಸೇರಿದವು, ಪಾಠ ಮರೆತುಹೋಯಿತು. ಇದನ್ನು ವಿಚಾರಣಾ ವರದಿಯಲ್ಲಿ ಓದಿದಾಗ ನನಗೆ ಸಿಟ್ಟೇ ಬಂತು. ಮೊದಲ ಸಲ ಆದದ್ದನ್ನು ಗೊತ್ತಿರಲಿಲ್ಲ ಅನ್ನಬಹುದು. ಎರಡನೇ ಸಲಕ್ಕೆ ಆ ಮಾತು ಹೇಳುವಂತಿಲ್ಲ ಅಲ್ವಾ?

ಸರ್ಕಾರದ ವಿಚಾರಣೆ ಎರಡು ಹಂತದಲ್ಲಿ ನಡೆಯಿತು. ಎರಡೂ ವರದಿಗಳು 2017ರಲ್ಲೇ ಬಂದವು. ಪಂಪ್ ನೋಡಿಕೊಳ್ಳುವ ಒಬ್ಬ ಕೆಲಸಗಾರನನ್ನು ಹಿಡಿದು ವಿಚಾರಣೆ ನಡೆಸಿದವರು ಕೈತೊಳೆದುಕೊಳ್ಳಲಿಲ್ಲ. ನೀರು ಕೊಡುವ ಜಿಲ್ಲಾ ಕೌನ್ಸಿಲ್, ಅಂತರ್ಜಲ ಕಾಯಬೇಕಿದ್ದ ಪ್ರಾದೇಶಿಕ ಕೌನ್ಸಿಲ್, ಮೇಲ್ವಿಚಾರಣೆ ಮಾಡಬೇಕಿದ್ದ ಆರೋಗ್ಯ ಇಲಾಖೆ, ಎಲ್ಲರ ಲೋಪವನ್ನೂ ಬಿಡಿಸಿ ಬರೆದರು. ನಿಯಮ ಇತ್ತು, ಪಾಲಿಸದವರ ಮೇಲೆ ಕ್ರಮ ಕೈಗೊಳ್ಳಲು ಹಿಂಜರಿಕೆಯೂ ಇತ್ತು. "ಸುರಕ್ಷಿತ ಬೋರ್‌ವೆಲ್" ಎಂಬ ಪಟ್ಟವನ್ನೇ ತೆಗೆಯಿರಿ, ನೀರಿಗೆಂದೇ ಪ್ರತ್ಯೇಕ ಪ್ರಾಧಿಕಾರ ಮಾಡಿ ಎಂದು ವರದಿ ಹೇಳಿತು.

ಹಾಗೆ ಹುಟ್ಟಿದ್ದು ತೌಮತಾ ಅರೋವೈ. ಅದು ಮಾವೊರಿ ಭಾಷೆಯ ಹೆಸರು. 2020ರಲ್ಲಿ ಅದನ್ನು ಸ್ಥಾಪಿಸುವ ಕಾಯ್ದೆ ಬಂತು. 2021ರ ನವೆಂಬರ್ 15ರಂದು ಹೊಸ ನೀರು ಸೇವೆಗಳ ಕಾಯ್ದೆಯ ಜೊತೆ ಅಧಿಕಾರವೂ ಬಂತು. ಒಂದು ವರ್ಷದ ನಂತರ ಕುಡಿಯುವ ನೀರಿನ ಹೊಸ ಮಾನದಂಡಗಳು ಜಾರಿಯಾದವು. ತನ್ನ ಒಂದೇ ಮನೆಗೆ ನೀರು ಮಾಡಿಕೊಂಡವರನ್ನು ಬಿಟ್ಟು ಉಳಿದವರೆಲ್ಲ ಆ ಕಾಯ್ದೆಯಲ್ಲಿ "ನೀರು ಪೂರೈಸುವವರು" ಆದರು. ಹಳ್ಳಿ ಶಾಲೆ, ಮಾವೊರಿ ಸಮುದಾಯ ಭವನ, ಟೆಂಟ್ ಹಾಕುವ ಕ್ಯಾಂಪು ಎಲ್ಲವೂ ಸೇರಿದವು. ನೀರಿನ ಮೂಲಕ್ಕೆ ಏನೇನು ಅಪಾಯ ಇದೆ ಎಂದು ಮೊದಲೇ ಬರೆದಿಡಬೇಕು. ಒಂದು ತಡೆ ಸೋತರೆ ಇನ್ನೊಂದು ಇರಬೇಕು. ನೀರು ಕೆಟ್ಟಿರಬಹುದು ಎಂಬ ಅನುಮಾನ ಬಂದರೂ ಪ್ರಾಧಿಕಾರಕ್ಕೆ ತಿಳಿಸಲೇಬೇಕು. ಗೊತ್ತಿದ್ದೂ ಲೆಕ್ಕಿಸದೆ ಕೆಟ್ಟ ನೀರು ಕೊಟ್ಟವರಿಗೆ ಜೈಲು ಶಿಕ್ಷೆಯೂ ಇದೆ.

ಇದೆಲ್ಲ ಜನರಿಗೆ ಇಷ್ಟವಾಯಿತಾ ಅಂದರೆ, ಇಲ್ಲ. ಕ್ರೈಸ್ಟ್‌ಚರ್ಚ್ ನಗರದಲ್ಲಿ 2018ರಲ್ಲಿ ತಾತ್ಕಾಲಿಕ ಎಂದು ಕ್ಲೋರಿನ್ ಶುರು ಮಾಡಿದಾಗ ದೊಡ್ಡ ಗಲಾಟೆಯೇ ಆಯಿತು. ನಮ್ಮ ಪಕ್ಕದ ನೇಪಿಯರ್‌ನಲ್ಲಿ ಕ್ಲೋರಿನ್ ಬಂದ ಮೇಲೆ ನೀರಿನೊಳಗಿನ ಮ್ಯಾಂಗನೀಸ್ ಜೊತೆ ಸೇರಿ ನಲ್ಲಿಯಲ್ಲಿ ಕಂದು ನೀರು ಬರತೊಡಗಿತು. ಒಗೆಯಲು ಹಾಕಿದ ಬಿಳಿ ಬಟ್ಟೆ ಹಾಳು. ಅಲ್ಲಿ ಕ್ಲೋರಿನ್ ತೆಗೆದ ನೀರನ್ನು ಬಿಟ್ಟಿ ಹಿಡಿದುಕೊಳ್ಳಲು ಸಾರ್ವಜನಿಕ ನಲ್ಲಿಗಳಿವೆ. ಜನ ಕ್ಯಾನುಗಳನ್ನು ತಂದು ತುಂಬಿಸಿಕೊಂಡು ಹೋಗುತ್ತಾರೆ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಬಾಲ್ಯದಿಂದ ಕುಡಿದ ನೀರಿನ ರುಚಿ ಅದು. ಆದರೂ ನಾನು ಕ್ಲೋರಿನ್ ಪರವೇ. ಬೋರ್‌ವೆಲ್ ಬಾಯಲ್ಲಿ ನೀರು ಎಷ್ಟೇ ಚೊಕ್ಕವಿರಲಿ, ನಮ್ಮ ಮನೆಗೆ ಬರುವ ದಾರಿಯಲ್ಲಿ ಹಳೇ ಪೈಪುಗಳಿವೆ, ಬಿರುಕುಗಳಿವೆ. ನೀರಲ್ಲಿ ಉಳಿದ ಚೂರು ಕ್ಲೋರಿನ್ ಆ ದಾರಿಯುದ್ದಕ್ಕೂ ಕಾಯುತ್ತದೆ.

ಹಾಗಂತ ಕ್ಲೋರಿನ್ ಒಂದೇ ಸಾಲದು. 2023ರ ಸೆಪ್ಟೆಂಬರಿನಲ್ಲಿ ಪ್ರವಾಸಿಗಳ ಊರು ಕ್ವೀನ್ಸ್‌ಟೌನ್‌ನಲ್ಲಿ ಅದು ಕಾಣಿಸಿತು. ಕ್ರಿಪ್ಟೊಸ್ಪೊರಿಡಿಯಮ್ ಎಂಬ ಪರಾವಲಂಬಿ ಕ್ಲೋರಿನ್‌ಗೆ ಸಾಯುವುದಿಲ್ಲ. ಅದನ್ನು ತಡೆಯಲು ಒಳ್ಳೆಯ ಸೋಸುವಿಕೆ ಬೇಕು, ಇಲ್ಲವೇ ಯುವಿ (ಅತಿನೇರಳೆ ಬೆಳಕಿನ) ದೀಪ ಬೇಕು. ಅಲ್ಲಿನ ಒಂದು ನೀರಿನ ಘಟಕದಲ್ಲಿ ಎರಡೂ ಇರಲಿಲ್ಲ. ಪ್ರಾಧಿಕಾರ ಕೌನ್ಸಿಲ್‌ಗೆ ಕಟ್ಟುನಿಟ್ಟಿನ ಆದೇಶ ಕೊಟ್ಟಿತು. ಯುವಿ ಬರುವವರೆಗೆ, ಡಿಸೆಂಬರ್ ತನಕ, ಊರವರು, ಹೋಟೆಲಿನವರು, ಪ್ರವಾಸಿಗಳು ನೀರು ಕುದಿಸಿಯೇ ಕುಡಿದರು. ಅಂಥದೇ ಕೊರತೆ ಇದ್ದ ಬೇರೆ ಕೌನ್ಸಿಲ್‌ಗಳಿಗೂ ಪತ್ರ ಹೋಯಿತು. ಹೊಸ ಕಾಯ್ದೆಗೆ ಹಲ್ಲಿದೆ ಎಂದು ನನಗೆ ಅನ್ನಿಸಿದ್ದು ಆಗ. ಅದೇ ಹೊತ್ತಿಗೆ, ಕಾಯ್ದೆ ಬಂದು ಎರಡು ವರ್ಷವಾಗುತ್ತ ಬಂದರೂ ಯುವಿ ಯಾಕೆ ಇರಲಿಲ್ಲ ಎಂಬ ಪ್ರಶ್ನೆಯೂ ಉಳಿಯಿತು.

ಉತ್ತರ ದುಡ್ಡು. ಇಲ್ಲಿ ನೀರಿನ ಖರ್ಚು ಬಹುತೇಕ ಮನೆ ಕಂದಾಯದಿಂದಲೇ ಬರಬೇಕು. ಆಗಿನ ಲೇಬರ್ ಪಕ್ಷದ ಸರ್ಕಾರ ಕುಡಿಯುವ ನೀರು, ಒಳಚರಂಡಿ, ಮಳೆನೀರು ಮೂರನ್ನೂ ಕೌನ್ಸಿಲ್‌ಗಳ ಕೈಯಿಂದ ತೆಗೆದು ನಾಲ್ಕು ದೊಡ್ಡ ಸಂಸ್ಥೆಗಳಿಗೆ ಕೊಡಲು ಹೊರಟಿತ್ತು. ಆಮೇಲೆ ನಾಲ್ಕು ಹತ್ತಾಯಿತು. ಸರ್ಕಾರ ಬದಲಾಗಿ 2024ರ ಫೆಬ್ರುವರಿಯಲ್ಲಿ ಆ ಕಾನೂನೇ ರದ್ದಾಯಿತು. ಈಗ ಕೌನ್ಸಿಲ್‌ಗಳೇ ಒಂಟಿಯಾಗಿಯೋ ಜೊತೆಗೂಡಿಯೋ ನೀರನ್ನು ನೋಡಿಕೊಳ್ಳಬೇಕು. ಅದರ ಯೋಜನೆ ಕೊಡಲು 2025ರ ಸೆಪ್ಟೆಂಬರ್ 3ರ ಗಡುವಿತ್ತು. ಇಷ್ಟೆಲ್ಲ ಹಗ್ಗಜಗ್ಗಾಟ ನಡೆದರೂ ತೌಮತಾ ಅರೋವೈಯನ್ನು ಮುಚ್ಚುವ ಕೆಲಸಕ್ಕೆ ಯಾವ ಸರ್ಕಾರವೂ ಕೈ ಹಾಕಲಿಲ್ಲ. ನನಗೆ ಸಮಾಧಾನ ಕೊಡುವ ಸಂಗತಿ ಅದು.

ಈಗ ಕರ್ನಾಟಕದ ನಮ್ಮೂರ ಕಡೆಯ ಮಾತು. ನೀರಿನ ಭಯವನ್ನು ನಾವು ಮನೆಯೊಳಗೇ ಪರಿಹರಿಸಿಕೊಂಡಿದ್ದೇವೆ. ಉಳ್ಳವರ ಮನೆಯಲ್ಲಿ ಆರ್‌ಒ, ಬಾಡಿಗೆ ಮನೆಯಲ್ಲಿ ಕ್ಯಾನ್ ನೀರು, ಹಳ್ಳಿಯಲ್ಲಿ ನಾಣ್ಯ ಹಾಕುವ ಶುದ್ಧ ನೀರಿನ ಘಟಕ. ಫ್ಲೋರೈಡ್ ಇರುವ ಪಾವಗಡ, ಕೋಲಾರದ ಕಡೆ ಅದೂ ಬೇಕೇ ಬೇಕು. ಆದರೆ ಪೈಪಿನಲ್ಲಿ ಬರುವ ನೀರಿಗೆ ಯಾರು ಹೊಣೆ? ಕುಡಿಯುವ ನೀರಿಗೆ ಐಎಸ್ 10500 ಎಂಬ ಒಳ್ಳೆಯ ಭಾರತೀಯ ಮಾನಕ ಇದೆ. ನಲ್ಲಿ ನೀರಿಗೆ ಅದನ್ನು ಕಡ್ಡಾಯ ಮಾಡಿಲ್ಲ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕೆಟ್ಟ ನೀರು ಕುಡಿದು ಜನ ಸತ್ತ ಸುದ್ದಿಯನ್ನು ನಾನು ಇಲ್ಲಿ ಕೂತು ಓದಿದೆ. ನ್ಯೂಜಿಲೆಂಡಿನಲ್ಲಿ ಒಂದು ಊರಿನ ಕಾಯಿಲೆ ದೇಶದ ಕಾನೂನನ್ನೇ ಬದಲಿಸಿತು. ಕವಾಡಿಗರಹಟ್ಟಿಯ ಸಾವುಗಳಿಗೂ ಅಷ್ಟೇ ಬೆಲೆ ಇರಬೇಕಿತ್ತು.

ಸೌಲಭ್ಯ ನಮ್ಮಲ್ಲೂ ಇಲ್ಲದೆ ಇಲ್ಲ. ಜಲ ಜೀವನ್ ಮಿಷನ್‌ನಲ್ಲಿ ಹಳ್ಳಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟಿದ್ದಾರೆ. ಸರ್ಕಾರಿ ಪ್ರಯೋಗಾಲಯಗಳಲ್ಲಿ ಸಾಮಾನ್ಯ ಜನರೂ ಕಡಿಮೆ ದುಡ್ಡಿಗೆ ನೀರು ಪರೀಕ್ಷೆ ಮಾಡಿಸಬಹುದು. ಆ ಫಲಿತಾಂಶವನ್ನು ನಾವು ಕೇಳುವುದು ಕಡಿಮೆ. ಮುಂದಿನ ಸಲ ಊರಿಗೆ ಬಂದಾಗ ಅಪ್ಪನನ್ನು ಕರೆದುಕೊಂಡು ಪಂಚಾಯಿತಿಗೆ ಹೋಗಬೇಕು ಎಂದುಕೊಂಡಿದ್ದೇನೆ. ನಮ್ಮೂರ ಟ್ಯಾಂಕಿನ ನೀರನ್ನು ಕೊನೆಯ ಸಲ ಯಾವಾಗ ಪರೀಕ್ಷೆ ಮಾಡಿಸಿದರು, ಕ್ಲೋರಿನ್ ಎಷ್ಟು ಹಾಕುತ್ತಾರೆ, ವರದಿ ಎಲ್ಲಿದೆ ಎಂದು ನೀರುಗಂಟಿಯನ್ನಲ್ಲ, ಪಿಡಿಒ ಅವರನ್ನೇ ಕೇಳುತ್ತೇನೆ. ನಿಮ್ಮ ಊರಲ್ಲಿ ಯಾರಾದರೂ ಹೀಗೆ ಕೇಳಿ ವರದಿ ಪಡೆದಿದ್ದರೆ ದಯವಿಟ್ಟು ಬರೆಯಿರಿ. ಅರ್ಜಿ ಹೇಗೆ ಕೊಟ್ಟಿರಿ ಎನ್ನುವುದನ್ನೂ ತಿಳಿಸಿ.