ಒಂದು ಹಿಡಿ ಹೆಚ್ಚಿನ ಚರಗ

ಭೂಮಿ ಹುಣ್ಣಿಮೆಯ ಹಿಂದಿನ ರಾತ್ರಿ ನಮ್ಮನೆಯಲ್ಲಿ ಯಾರೂ ಮಲಗುವುದಿಲ್ಲ. ಅಪ್ಪ ಜಗಲಿ ಮೇಲೆ ಗೊರಕೆ ಹೊಡೆಯುತ್ತಾರೆ, ಅದು ಲೆಕ್ಕಕ್ಕಿಲ್ಲ.

ಈ ಸಲ ಬೆಂಗಳೂರಿನಿಂದ ರಜೆ ಹಾಕಿ ಬಂದಿದ್ದೆ. ಸ್ನಾನ ಮುಗಿಸಿ ಅಮ್ಮ, ಅತ್ತಿಗೆ, ನಾನು ಒಲೆ ಮುಂದೆ ಕೂತಾಗ ಹತ್ತು ಗಂಟೆ. ಅತ್ತಿಗೆ ಸೌತೆಕಾಯಿ ತುರಿದರು. ಅಮ್ಮ ಸೊಪ್ಪು ಹೆಚ್ಚುತ್ತಿದ್ದರು. ಬಾಳೆಲೆ ಬಾಡಿಸಿ, ಕಡುಬಿನ ಹಿಟ್ಟು ಹಾಕಿ ಮಡಚುವ ಕೆಲಸ ನನ್ನದು. ಎಲೆ ಒಲೆಗೆ ಹಿಡಿದರೆ ಹಸಿರು ಕಪ್ಪಾಗಿ ಬರುತ್ತದೆ, ಒಂದು ಕ್ಷಣ ಜಾಸ್ತಿ ಹಿಡಿದರೆ ಸೀಳುತ್ತದೆ. ನಾನು ನಾಲ್ಕು ಸೀಳಿದೆ.

ಸಾಗರ, ಸೊರಬದ ಕಡೆ ಗದ್ದೆ ಇರುವವರಿಗೆ ಇದನ್ನೆಲ್ಲ ಹೇಳಬೇಕಿಲ್ಲ. ಆಶ್ವಯುಜದ ಹುಣ್ಣಿಮೆ ಹೊತ್ತಿಗೆ ಭತ್ತ ಹೊಡೆ ತುಂಬಿರುತ್ತದೆ. ಭೂಮಿ ಈಗ ಬಸುರಿ. ಬಸುರಿಗೆ ಬಯಕೆ ತೀರಿಸಬೇಕಲ್ವಾ? ಅದಕ್ಕೇ ರಾತ್ರಿಯಿಡೀ ಅಡುಗೆ. ಬೆಳಕು ಹರಿಯೋ ಮುಂಚೆ ಅದನ್ನು ಭೂಮಣ್ಣಿ ಬುಟ್ಟಿಯಲ್ಲಿಟ್ಟು ಗದ್ದೆಗೆ ಹೊರುತ್ತೇವೆ. ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ. ಕುಂಚ ಪುಂಡಿ ನಾರಿನದು. ದಸರಾ ಮುಗಿದ ದಿನದಿಂದ ಅತ್ತಿಗೆ ಈ ಬುಟ್ಟಿ ಹಿಡಿದು ಕೂತಿದ್ದರಂತೆ. ಫೋನಿನಲ್ಲಿ ಬಣ್ಣದ ಡಿಸೈನ್ ನೋಡಿ ನೋಡಿ ಕೆಟ್ಟ ನನ್ನ ಕಣ್ಣಿಗೆ ಆ ಬಿಳಿ ಗೆರೆ ಎಷ್ಟು ತಂಪು!

ಮಡಚುತ್ತಾ ಕೂತಾಗ ನೆನಪಾಗಿದ್ದು ದಕ್ಷಿಣ ಕೊರಿಯಾದ ಜೊಂಜು ಊರು.

2017ರಲ್ಲಿ ಎಕ್ಸ್‌ಚೇಂಜ್ ವಿದ್ಯಾರ್ಥಿನಿಯಾಗಿ ಒಂದು ಸೆಮಿಸ್ಟರ್ ಅಲ್ಲಿದ್ದೆ. ಸೆಪ್ಟೆಂಬರಿನಿಂದ ಡಿಸೆಂಬರ್, ಬರೀ ನಾಲ್ಕು ತಿಂಗಳು. ನಮ್ಮದು ಐದು ಹುಡುಗಿಯರ ಗುಂಪು: ಹನೋಯಿಯವಳು, ತಾಷ್ಕೆಂಟಿನವಳು, ಜರ್ಮನಿಯವಳು, ಅಲ್ಲಿನವಳೇ ಆದ ನನ್ನ ರೂಮ್‌ಮೇಟ್, ನಾನು. ರೂಮ್‌ಮೇಟ್ ನನಗಿಂತ ಎರಡು ವರ್ಷ ದೊಡ್ಡವಳು. ಅಲ್ಲಿ ಹೆಸರು ಹಿಡಿದು ಕರೆಯುವ ಹಾಗಿಲ್ಲ, ಹುಡುಗಿಯರು ಅಕ್ಕನಿಗೆ ಒನ್ನಿ ಅನ್ನಬೇಕು. ನನಗೇನು ಕಷ್ಟ? ಅಪ್ಪನಿಗೆ ಅವರೂ ಅಪ್ಪ ಅಂತಲೇ ಅನ್ನುತ್ತಾರೆ. ಸಿಕ್ಕಿದ ಕೂಡಲೇ ಕೇಳುವುದು 'ಬಪ್ ಮೊಗೊಸ್ಸೊ?' ಅಂದರೆ, ಊಟ ಆಯ್ತಾ? ಜರ್ಮನಿಯವಳಿಗೆ ಇದು ದೊಡ್ಡ ಆಶ್ಚರ್ಯ. ನನಗೆ ಊರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಹಾಗೆ.

ಅವರ ಸುಗ್ಗಿಯ ಹಬ್ಬ ಚುಸೊಕ್. ಅವರ ಎಂಟನೇ ತಿಂಗಳ ಹುಣ್ಣಿಮೆಗೆ ಬರುತ್ತದೆ. ಆ ವರ್ಷ ವಾರದ ರಜೆ ಎಲ್ಲ ಸೇರಿ ಹತ್ತು ದಿನ ರಜೆ ಸಿಕ್ಕಿತ್ತು. ಹಾಸ್ಟೆಲ್ ಖಾಲಿ. ಒನ್ನಿ ನನ್ನನ್ನು, ತಾಷ್ಕೆಂಟಿನವಳನ್ನು ತನ್ನ ಅಜ್ಜಿಯ ಹಳ್ಳಿಗೆ ಕರೆದುಕೊಂಡು ಹೋದಳು. ಬಸ್ಸಿನ ಕಿಟಕಿಯ ಆಚೆ ಹಳದಿಗೆ ತಿರುಗಿದ ಭತ್ತದ ಗದ್ದೆ. ಅಳು ಬಂತು, ಸುಮ್ನೆ ಕೆಮ್ಮಿದೆ.

ಹಿಂದಿನ ರಾತ್ರಿ ಅಜ್ಜಿಯ ಮನೆಯಲ್ಲಿ ಸೊಂಗ್‌ಪ್ಯೊನ್ ಮಾಡಿದೆವು. ಅಕ್ಕಿ ಹಿಟ್ಟಿನ ಪುಟ್ಟ ಕಡುಬು, ಒಳಗೆ ಎಳ್ಳು, ಸಕ್ಕರೆ. ಅರ್ಧಚಂದ್ರದ ಆಕಾರ. ಹಬೆಗೆ ಇಡುವಾಗ ಕೆಳಗೆ ಪೈನ್ ಮರದ ಸೂಜಿಯಂಥ ಎಲೆ ಹಾಸುತ್ತಾರೆ, ಆ ಘಮ ಕಡುಬಿಗೆ ಹತ್ತುತ್ತದೆ. ಚೆಂದದ ಸೊಂಗ್‌ಪ್ಯೊನ್ ಮಾಡಿದವರಿಗೆ ಚೆಂದದ ಮಗಳು ಹುಟ್ಟುತ್ತಾಳೆ ಅನ್ನೋ ಮಾತಿದೆ. ನನ್ನದು ನೋಡಿ ಅಜ್ಜಿ ತುಂಬಾ ಹೊತ್ತು ನಕ್ಕರು. ತಾಷ್ಕೆಂಟಿನವಳದು ಅಚ್ಚು ಒತ್ತಿದ ಹಾಗೆ ಬರುತ್ತಿತ್ತು. ಅಷ್ಟರಲ್ಲಿ ಅಮ್ಮ ವಿಡಿಯೋ ಕಾಲ್ ಮಾಡಿದರು. ಒಲೆ ಮೇಲಿನ ಸಾರು ನೋಡಿ ಮೊದಲ ಮಾತೇ, "ಅದು ಕೆಸಿನ ಗೆಡ್ಡೆ ಅಲ್ವೇನೇ?" ಹೌದು, ಕೆಸಿನ ಗೆಡ್ಡೆಯೇ. ಇಬ್ಬರು ಹೆಂಗಸರು ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಐದು ನಿಮಿಷ ಗೆಡ್ಡೆ ತೋರಿಸಿಕೊಂಡು ಮಾತಾಡಿದರು.

ಬೆಳಗ್ಗೆ ಹಿರಿಯರಿಗೆ ಎಡೆ ಇಟ್ಟು ಅಡ್ಡಬಿದ್ದು, ಆಮೇಲೆ ಅಜ್ಜನ ಸಮಾಧಿಗೆ ಹೋದೆವು. ಗುಡ್ಡದ ಬದಿಯಲ್ಲಿ ಹುಲ್ಲಿನ ದಿಬ್ಬ. ಅದಕ್ಕೆ ಅಕ್ಕಿಯ ಸಾರಾಯಿ ಎರೆದರು. ಎಲ್ಲರೂ ತಿನ್ನಲು ಕೂತಾಗ ಅಜ್ಜಿ ಮೊದಲ ಸೊಂಗ್‌ಪ್ಯೊನ್ ಮುರಿದು ಹೊರಗೆ ಎಸೆದು ಕೂಗಿದರು: "ಗೊಸುರೆ!"

ನಾನು ಎದ್ದು ನಿಂತೆ. ನಮ್ಮಪ್ಪ ಗದ್ದೆಯಲ್ಲಿ ಚರಗ, ಅಂದರೆ ಭೂಮಿಗೆ ಅಂತ ಮಾಡಿದ ಅಡುಗೆ, ಚೆಲ್ಲುವಾಗ ತೋಳು ಬೀಸುವ ರೀತಿಯೇ ಅದು. ಬಯಲಲ್ಲಿ ಉಣ್ಣುವಾಗ ಮೊದಲ ತುತ್ತು ಆ ಜಾಗದ ದೇವರುಗಳಿಗೆ, ಭೂತಗಳಿಗೆ ಅಂತ ಒನ್ನಿ ಹೇಳಿದಳು. ನನಗೆ ಬಿಡಿಸಿ ಹೇಳಬೇಕಿರಲಿಲ್ಲ. ಮಾರನೇ ದಿನವೇ ನಮ್ಮಲ್ಲಿ ಭೂಮಿ ಹುಣ್ಣಿಮೆ ಇತ್ತು.

ಹೀಗೆ ಎರಡೂ ಹಬ್ಬ ಒಟ್ಟಿಗೆ ಬರುವುದು ಕಡಿಮೆ. ಸಾಮಾನ್ಯವಾಗಿ ಅವರದು ನಮ್ಮ ಭಾದ್ರಪದದ ಹುಣ್ಣಿಮೆಗೇ ಮುಗಿದುಹೋಗುತ್ತದೆ. ಅವರ ಪಂಚಾಂಗದಲ್ಲೂ ಅಧಿಕ ಮಾಸ ಇದೆ. ಅದು ಅವರಿಗೆ ಬಂದು ನಮಗೆ ಬಾರದ ವರ್ಷ ಅವರ ಹುಣ್ಣಿಮೆ ಒಂದು ತಿಂಗಳು ಮುಂದಕ್ಕೆ ಜರುಗಿ ನಮ್ಮದಕ್ಕೆ ಕೂಡುತ್ತದೆ. 2017 ಆದಮೇಲೆ ಮತ್ತೆ ಹಾಗಾಗಿದ್ದು 2025ರಲ್ಲೇ. ಅಕ್ಟೋಬರ್ 6ಕ್ಕೆ ಅಲ್ಲಿ ಚುಸೊಕ್, ಅವತ್ತಿನ ರಾತ್ರಿಯೇ ನಾವು ಒಲೆ ಹಚ್ಚಿದ್ದು. ಈ ಸಲ ರಜೆ ಹಾಕಿದ್ದು ಅದಕ್ಕೇ, ಮನೆಯಲ್ಲಿ ಹೇಳಿರಲಿಲ್ಲ.

ಎಲ್ಲರ ಮೇಲೂ ಇರುವ ಚಂದ್ರ ಒಂದೇ ಅಂತ ಜನ ಸಮಾಧಾನ ಹೇಳುತ್ತಾರೆ. ನನಗೆ ಅದು ಸಾಲುವುದಿಲ್ಲ. ಚಂದ್ರನನ್ನು ನೋಡಿದರೆ ಅವರು ಇನ್ನೂ ದೂರ ಅನ್ನಿಸುತ್ತಾರೆ. ಕೈಗೆ ಹಿಟ್ಟು ಮೆತ್ತಿಕೊಂಡಾಗ ಮಾತ್ರ ಪಕ್ಕದಲ್ಲಿ ಯಾರೋ ಕೂತ ಹಾಗಾಗುತ್ತದೆ. ನಮ್ಮ ಐವರ ಚಾಟ್ ಗುಂಪಿನಲ್ಲಿ ಕೊನೆಯ ಮಾತು ಫೆಬ್ರವರಿಯದು. ಮೂರು ವರ್ಷದ ಹಿಂದೆ ಒನ್ನಿ ಅಲ್ಲೇ ಬರೆದಿದ್ದಳು, ಅಜ್ಜಿ ಹೋಗಿಬಿಟ್ಟರು ಅಂತ. ನಾನು ಅಳುವ ಸ್ಟಿಕ್ಕರ್ ಒಂದನ್ನು ಹಾಕಿದ್ದೆ. ಅದು ಈಗಲೂ ನಾಚಿಕೆ.

ಎಡೆ ಎಣಿಸುವಾಗ ಅಮ್ಮ ಹೇಳುತ್ತಿದ್ದರು: ಇದು ಕಾಗೆಗೆ, ಇದು ಇಲಿಗೆ, ಇದು ಹಿರಿಯರಿಗೆ, ಇದು ಹೂಳುವುದಕ್ಕೆ. ಕರೆಯದವರಿಗೂ ಇದೆ, ಬಾರದವರಿಗೂ ಇದೆ. ಉಂಡು ಚೆನ್ನಾಗಿತ್ತು ಅಂತ ಯಾರೂ ಹೇಳುವುದಿಲ್ಲ. ಅಮ್ಮನಿಗೆ ಅದರ ಬೇಜಾರೂ ಇಲ್ಲ, ನಿದ್ದೆಗೆಟ್ಟು ಮಾಡುತ್ತಾರೆ. ನಾನು ಎಂಟು ತಿಂಗಳಿಂದ ಯಾರು ಮೊದಲು ಮೆಸೇಜ್ ಮಾಡ್ತಾರೆ ನೋಡೋಣ ಅಂತ ಕೂತಿದ್ದೆ.

"ಅಮ್ಮ, ಒಂದು ಹೆಚ್ಚಿಗೆ ಇಡು."

"ಯಾರಿಗೆ?"

"ಕೆಸಿನ ಗೆಡ್ಡೆ ಅಜ್ಜಿಗೆ."

ಅಮ್ಮ ಏನೂ ಕೇಳದೆ ದೊಡ್ಡದೇ ಆರಿಸಿ ಇಟ್ಟರು.

ನಾಲ್ಕು ಗಂಟೆಗೆ ಹೊರಟೆವು. ಅಂಗಳದಲ್ಲಿ ಮಾತ್ರ ನೆಟ್‌ವರ್ಕ್ ಸಿಗುವುದು. ಕೊರಿಯಾದಲ್ಲಿ ಆಗಲೇ ಏಳೂವರೆ. ಗುಂಪಿಗೆ ಬರೆದೆ: ಬಪ್ ಮೊಗೊಸ್ಸೊ? ಫೋನ್ ಒಳಗಿಟ್ಟು ಬುಟ್ಟಿಯ ಹಿಂದೆ ನಡೆದೆ.

ಈ ಪೂಜೆಗೆ ಭಟ್ಟರು ಬೇಡ. ಅಮ್ಮ ಕೊರಳಿನ ಸರ ತೆಗೆದು ಒಂದು ಬುಡ ಭತ್ತಕ್ಕೆ ಹಾಕಿದರು, ಅರಿಶಿನ ಕುಂಕುಮ ಇಟ್ಟರು. ಸರದ ಭಾರಕ್ಕೆ ತೆನೆ ಸ್ವಲ್ಪ ಬಾಗಿತು. ಇಬ್ಬನಿ ಅವರ ಮುಂಗೈವರೆಗೂ ಹತ್ತಿತ್ತು. ಅಪ್ಪ ಒಂದು ಕಡುಬನ್ನು ಗದ್ದೆಯಲ್ಲಿ ಹೂತರು. ಕೊಯ್ಲಿನ ದಿನ ಅದನ್ನು ತೆಗೆಯುವುದು. ಆಮೇಲೆ ಅಂಚಿನ ಮೇಲೆ ನಡೆಯುತ್ತಾ ಸೊಪ್ಪಿನ ಚರಗ ಚೆಲ್ಲಿ ಕೂಗಿದರು, "ಭೂಮ್ತಾಯಿ ಉಂಡು ಹೋಗ್ಲಿ!" ನಾನೂ ಒಂದು ಹಿಡಿ ತೆಗೆದು ಎಸೆದೆ. ಬಾಯೊಳಗೇ ಗೊಸುರೆ ಅಂದೆ.

"ಏನಂದೆ?"

"ಅಲ್ಲಿ ಹಾಗಂತಾರೆ ಅಪ್ಪ."

"ಹಂಗಾದ್ರೆ ಜೋರಾಗಿ ಹೇಳು. ಅಷ್ಟು ದೂರ ಕೇಳಬೇಕಲ್ಲ."

ಕೂಗಿದೆ. ಪಕ್ಕದ ಗದ್ದೆಯವರು ತಿರುಗಿ ನೋಡಿದರು.

ಮಧ್ಯಾಹ್ನ ಊಟ ಮಾಡಿ ಮಲಗಿ ಎದ್ದಾಗ ಫೋನಿನಲ್ಲಿ ಹದಿನಾಲ್ಕು ಮೆಸೇಜ್. ಒನ್ನಿ ಒಂದು ಫೋಟೋ ಕಳಿಸಿದ್ದಳು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೊಂಗ್‌ಪ್ಯೊನ್. ಈ ಸಲ ಮಾಡಲು ಪುರುಸೊತ್ತಾಗಲಿಲ್ಲ, ಕೊಂಡು ತಂದೆ, ಅಜ್ಜಿಗೆ ಹೇಳಬೇಡ ಅಂತ ಬರೆದಿದ್ದಳು.

ಅಮ್ಮ ಕನ್ನಡಕ ಹಾಕಿಕೊಂಡು ಫೋಟೋ ದೊಡ್ಡದು ಮಾಡಿ ನೋಡಿದರು.

"ಅಂಗಡೀದಾ? ಪಾಪ. ಕೊಯ್ಲಿಗೆ ಬರಕ್ಕೆ ಹೇಳು."