ಖಾಲಿ ಜಾಗಕ್ಕೆ ನಾನು ಸೊನ್ನೆ ತುಂಬಿದ್ದೆ

ನಾನು ಅಮೆರಿಕದ ಒಂದು ವಿಶ್ವವಿದ್ಯಾಲಯದ ಫುಟ್‌ಬಾಲ್ ಆಫೀಸಿನಲ್ಲಿ ಡೇಟಾ ಕೆಲಸ ಮಾಡುತ್ತೇನೆ. ಇಲ್ಲಿ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಊರಿಗೆ ಫೋನ್ ಮಾಡಿದಾಗಲೆಲ್ಲ ಅಮ್ಮನಿಗೆ ಇದನ್ನು ಮೊದಲಿಂದ ಹೇಳಬೇಕು.

ಇಲ್ಲಿ ಹೈಸ್ಕೂಲ್ ಹುಡುಗರಿಗೇ ರ‍್ಯಾಂಕ್ ಇದೆ. 247 ಸ್ಪೋರ್ಟ್ಸ್, ರೈವಲ್ಸ್, ಇಎಸ್‌ಪಿಎನ್ ಥರದ ಕ್ರೀಡಾ ಮಾಧ್ಯಮದವರು ಹದಿನೇಳು ವರ್ಷದ ಹುಡುಗರ ಆಟ ನೋಡಿ ಸ್ಟಾರ್ ಕೊಡುತ್ತಾರೆ. ಐದು ಸ್ಟಾರ್ ಸಿಗೋದು ವರ್ಷಕ್ಕೆ ಮೂವತ್ತು ಚಿಲ್ಲರೆ ಹುಡುಗರಿಗೆ ಮಾತ್ರ. ಎನ್‌ಎಫ್‌ಎಲ್ ಅಂದರೆ ಇಲ್ಲಿನ ವೃತ್ತಿಪರ ಲೀಗ್; ಅದರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವುದೇ ಡ್ರಾಫ್ಟ್. ಅದರ ಮೊದಲ ಸುತ್ತಿನಲ್ಲಿ 32 ಜನರನ್ನು ಆರಿಸುತ್ತಾರಲ್ಲ, ಹೆಚ್ಚುಕಮ್ಮಿ ಅದೇ ಲೆಕ್ಕ.

2018ರ ಅಕ್ಟೋಬರ್‌ನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು. ಕಾಲೇಜು ಬದಲಿಸಬೇಕು ಅನ್ನುವವನು ಅದರಲ್ಲಿ ಹೆಸರು ಹಾಕಿಸಬೇಕು. ಆಗೆಲ್ಲ ಹಾಗೆ ಹೋದವನು ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ, ಒಬ್ಬ ಆಟಗಾರ ಒಂದು ಸಲ ಬದಲಿಸುವುದಕ್ಕೆ ಆ ನಿಯಮ ಸಡಿಲವಾಯಿತು. 2024ರಲ್ಲಿ, ಓದು ಸರಿಯಾಗಿದ್ದರೆ ಎಷ್ಟು ಸಲ ಬೇಕಾದರೂ ಹೋಗಬಹುದು ಅಂತಾಯಿತು. ಪೋರ್ಟಲ್ ತೆರೆದರೆ ಸಾಕು, ನಮ್ಮ ಆಫೀಸು ಸಂತೆ.

ನನ್ನ ಎಡವಟ್ಟು ಆಗಿದ್ದು 2024ರ ಡಿಸೆಂಬರ್‌ನಲ್ಲಿ. ದಿನಾ ನೂರಾರು ಹೆಸರು ಬೀಳುತ್ತಿದ್ದವು. ಯಾರ ವಿಡಿಯೊ ಮೊದಲು ನೋಡಬೇಕು ಅಂತ ಸಾಲಾಗಿ ಜೋಡಿಸುವ ಶೀಟ್ ನನ್ನದು. ಎತ್ತರ, ತೂಕ, ಎಷ್ಟು ಸ್ನ್ಯಾಪ್ (ಚೆಂಡು ಆಟಕ್ಕೆ ಬರುವ ಒಂದೊಂದು ಸರದಿ) ಆಡಿದ್ದಾನೆ, ಇನ್ನೆಷ್ಟು ವರ್ಷ ಆಡಬಹುದು, ಕೊನೆಗೆ ಹೈಸ್ಕೂಲಿನ ರೇಟಿಂಗ್. ಕೆಲವರಿಗೆ ಆ ಕೊನೆಯ ಕಾಲಂ ಖಾಲಿ ಇತ್ತು. ಖಾಲಿ ಇದ್ದರೆ ಫಾರ್ಮುಲಾ ಎರರ್ ತೋರಿಸುತ್ತಿತ್ತು. ನಾನು ಎಲ್ಲ ಖಾಲಿಗೂ ಸೊನ್ನೆ ತುಂಬಿಬಿಟ್ಟೆ. ಎರರ್ ಹೋಯಿತು. ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಿದೆ.

ಐದು ದಿನದ ಮೇಲೆ, ಮುಂದಿನ ಸಾಲಿನ ಆಟಗಾರರನ್ನು ತಯಾರು ಮಾಡುವ ಲೈನ್ ಕೋಚ್ ನನ್ನ ಮೇಜಿನ ಹತ್ತಿರ ಬಂದರು. ಒಬ್ಬ ಲೆಫ್ಟ್ ಟ್ಯಾಕಲ್ ಹುಡುಗ, ಅಂದರೆ ಆ ಸಾಲಿನ ಎಡತುದಿಯಲ್ಲಿ ಎದುರಾಳಿಗಳನ್ನು ತಡೆಯುವವನು. ಸಣ್ಣ ಕಾಲೇಜಿನಲ್ಲಿ ಎರಡು ಸೀಸನ್ ಒಂದು ಪಂದ್ಯವೂ ಬಿಡದೆ ಆಡಿದವನು. ನಮಗೆ ಬೇಕಾಗಿದ್ದೇ ಅಂಥವನು. ಅಷ್ಟರಲ್ಲಿ ಅವನು ಬೇರೆ ಕಡೆ ಒಪ್ಪಿಕೊಂಡಾಗಿತ್ತು. ನನ್ನ ಶೀಟಿನಲ್ಲಿ ಹುಡುಕಿದರೆ ಎರಡು ಸಲ ಸ್ಕ್ರೋಲ್ ಮಾಡಿದ ಮೇಲೆ, ತಳದಲ್ಲಿ ಸಿಕ್ಕ. ಅವನ ಮೇಲೆ, ಎರಡು ವರ್ಷ ಬೆಂಚಿನಲ್ಲೇ ಕೂತಿದ್ದ ನಾಲ್ಕು ಸ್ಟಾರ್ ಹುಡುಗರ ದೊಡ್ಡ ಸಾಲು.

ಕೋಚ್ ಆ ಕಾಲಂ ಮೇಲೆ ಬೆರಳಿಟ್ಟು ಕೇಳಿದ್ದು ಒಂದೇ ಮಾತು. "ಈ ಸೊನ್ನೆ ಇವನಿಗೆ ಕೊಟ್ಟವರು ಯಾರು?"

ಯಾರೂ ಕೊಟ್ಟಿರಲಿಲ್ಲ. ಅವನ ಹೈಸ್ಕೂಲ್ ಆಟವನ್ನು ಯಾರೂ ನೋಡಿರಲೇ ಇಲ್ಲ, ಅಷ್ಟೇ. ಸೊನ್ನೆ ಕೊಟ್ಟವನು ನಾನು.

ನಾಚಿಕೆ ಜಾಸ್ತಿ ಆಗಿದ್ದು ಯಾಕೆ ಅಂದರೆ, ನಮ್ಮಪ್ಪ ಹೈಸ್ಕೂಲ್ ಮೇಷ್ಟ್ರು. ಪರೀಕ್ಷೆಗೆ ಬಾರದ ಹುಡುಗನ ಹೆಸರಿನ ಮುಂದೆ ಕೆಂಪು ಇಂಕಿನಲ್ಲಿ 'ಗೈರು' ಅಂತ ಬರೆಯುತ್ತಿದ್ದರು. ಸೊನ್ನೆ ಬೇರೆ, ಗೈರು ಬೇರೆ ಅನ್ನೋದು ನಮ್ಮನೆಯಲ್ಲಿ ಆರನೇ ಕ್ಲಾಸಿನಲ್ಲೇ ಗೊತ್ತಿದ್ದ ವಿಷಯ.

ಅದೇ ಸೀಸನ್‌ನಲ್ಲಿ ಮಯಾಮಿ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವ ಮುಖ್ಯ ಆಟಗಾರ) ಕ್ಯಾಮ್ ವಾರ್ಡ್ ಬಗ್ಗೆ ಎಲ್ಲರೂ ಮಾತಾಡುತ್ತಿದ್ದರು. ಹೈಸ್ಕೂಲಿನಲ್ಲಿ ಅವನಿಗೆ ಒಂದು ಸ್ಟಾರೂ ಇರಲಿಲ್ಲ. ಟೆಕ್ಸಸ್‌ನ ವೆಸ್ಟ್ ಕೊಲಂಬಿಯಾ ಅನ್ನುವ ಸಣ್ಣ ಊರು. ಅಲ್ಲಿನ ತಂಡ ಚೆಂಡು ಎಸೆಯೋದೇ ಅಪರೂಪ, ಬರೀ ಓಡುವ ಆಟ. ಎಸೆಯದ ಹುಡುಗನ ಎಸೆತಕ್ಕೆ ಯಾರು ತಾನೆ ಮಾರ್ಕ್ಸ್ ಹಾಕುತ್ತಾರೆ? ಸ್ಯಾನ್ ಆಂಟೋನಿಯೊದ ಇನ್‌ಕಾರ್ನೇಟ್ ವರ್ಡ್ ಅನ್ನುವ ಚಿಕ್ಕ ವಿಶ್ವವಿದ್ಯಾಲಯ ಕರೆದುಕೊಂಡಿತು. ಅಲ್ಲಿಂದ ವಾಷಿಂಗ್ಟನ್ ಸ್ಟೇಟ್, ಅಲ್ಲಿಂದ ಮಯಾಮಿ. 2025ರ ಡ್ರಾಫ್ಟಿನಲ್ಲಿ ಟೆನೆಸಿ ಟೈಟನ್ಸ್ ಎಲ್ಲರಿಗಿಂತ ಮೊದಲು ಆರಿಸಿದ್ದು ಅವನನ್ನೇ. ನನ್ನ ಶೀಟಿಗೆ ಹಾಕಿದ್ದರೆ ಅವನಿಗೂ ಅದೇ ಸೊನ್ನೆ ಬೀಳುತ್ತಿತ್ತು.

ಹಾಗಂತ ಸ್ಟಾರ್‌ಗಳೆಲ್ಲ ಸುಮ್ನೆ ಅಂತ ನಾನು ಹೇಳಲಾರೆ. ಗುಂಪಾಗಿ ನೋಡಿದರೆ ಐದು ಸ್ಟಾರ್ ಹುಡುಗರು ಮೂರು ಸ್ಟಾರ್ ಹುಡುಗರಿಗಿಂತ ಎಷ್ಟೋ ಪಾಲು ಜಾಸ್ತಿ ಎನ್‌ಎಫ್‌ಎಲ್ ತಲುಪುತ್ತಾರೆ. ಹೈಸ್ಕೂಲ್ ಹುಡುಗನನ್ನು ಆರಿಸುವಾಗ ನಾನೂ ಅದನ್ನೇ ಮೊದಲು ನೋಡುತ್ತೇನೆ. ಆದರೆ ಇಪ್ಪತ್ತೆರಡು ವರ್ಷದವನಿಗೆ ಅದನ್ನೇ ಹಿಡಿದುಕೊಂಡು ಕೂತರೆ, ಹತ್ತು ವರ್ಷ ಕೆಲಸ ಮಾಡಿದವನ ಹತ್ತಿರ ಪಿಯುಸಿ ಮಾರ್ಕ್ಸ್ ಕಾರ್ಡ್ ಕೇಳಿದ ಹಾಗೆ, ಅಲ್ವಾ? 247 ಸ್ಪೋರ್ಟ್ಸ್‌ನವರೇ ಈಗ ಟ್ರಾನ್ಸ್‌ಫರ್ ಆಟಗಾರರಿಗೆ ಬೇರೆ ರೇಟಿಂಗ್ ಕೊಡುತ್ತಾರೆ. ನಾನೇ ಹಿಂದೆ ಬಿದ್ದಿದ್ದೆ.

ಈಗ ನನ್ನ ಶೀಟಿನಲ್ಲಿ ಖಾಲಿ ಜಾಗ ಖಾಲಿಯೇ ಇರುತ್ತದೆ, ಹಳದಿ ಬಣ್ಣದಲ್ಲಿ. ಕಾಲೇಜಿನಲ್ಲಿ 300 ಸ್ನ್ಯಾಪ್ ದಾಟಿದವರಿಗೆ ಹೈಸ್ಕೂಲ್ ರೇಟಿಂಗ್ ಲೆಕ್ಕಕ್ಕೇ ಬರೋದಿಲ್ಲ. ಹಳದಿ ಹೆಸರುಗಳನ್ನು ಯಾವ ಫಾರ್ಮುಲಾವೂ ಕೆಳಗೆ ತಳ್ಳುವ ಹಾಗಿಲ್ಲ. ಯಾರಾದರೂ ಒಬ್ಬರು ಕೂತು ಇಪ್ಪತ್ತು ನಿಮಿಷ ವಿಡಿಯೊ ನೋಡಲೇಬೇಕು. ಕೆಲಸ ಜಾಸ್ತಿ ಆಗಿದೆ, ಸುಳ್ಳು ಯಾಕೆ ಹೇಳಲಿ. ಮೊದಲ ವಾರ ಪಕ್ಕದ ಮೇಜಿನವನು ನನ್ನ ಜೊತೆ ಮಾತು ಬಿಟ್ಟಿದ್ದ.

2026ರ ಜನವರಿ 2ಕ್ಕೆ ಮತ್ತೆ ಪೋರ್ಟಲ್ ತೆರೆಯಿತು. ರಾತ್ರಿ ಹತ್ತಕ್ಕೆ ಲೈನ್ ಕೋಚ್ ಬಾಗಿಲಲ್ಲಿ ಇಣುಕಿದರು.

"ಹಳದಿ ಎಷ್ಟಿದೆ?"

"ನಲವತ್ತೊಂದು."

ಒಂದು ಗಳಿಗೆ ಸುಮ್ಮನೆ ನಿಂತರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಪಿಜ್ಜಾ ತರಿಸಲು ಫೋನ್ ತೆಗೆದರು.